ಇಲ್ಲೇ ನಿಲ್ಸಪ್ಪಾ!

ರಬಾಬ್,

ಮುಲೂಖಿಯಾ ಸೊಪ್ಪಿನ ಸಾರು ಒಲೆ ಮೇಲಿದೆ. ಬಿಸಿ ಮಾಡಿಡು, ಕುದಿಸ್ಬೇಡ. ಸೊಪ್ಪು ತಳಕ್ಕಿಳಿದ್ರೆ ನಿನ್ನ ಸುಮ್ನೆ ಬಿಡಲ್ಲ.

ಈಗ ಕೇಳು. ಇವತ್ತು ಮೈಕ್ರೋಬಸ್ಸಲ್ಲಿ ನಾನೇ ಕೂಗಿದೆ ಕಣೇ! ಇಷ್ಟು ವರ್ಷ ಕೂಗೋಕೆ ಹೆದರಿ ಬೇರೆಯವರು ನಿಲ್ಲಿಸಿದ ಕಡೆ ಇಳಿದು ವಾಪಸ್ ನಡ್ಕೊಂಡು ಬರ್ತಿದ್ದ ನಿನ್ನಮ್ಮ, "ಇಲ್ಲೇ ನಿಲ್ಸಪ್ಪಾ!" ಅಂತ ಇಡೀ ಶುಬ್ರಾ ಬಡಾವಣೆಗೇ ಕೇಳೋ ಹಾಗೆ ಕಿರುಚಿದ್ಳು. ಡ್ರೈವರ್ ಬೆಚ್ಚಿಬಿದ್ದು ಬ್ರೇಕ್ ಒತ್ತಿದ. ನೋಡಿದ್ರೆ ನಮ್ಮ ಬೀದಿ ಇನ್ನೂ ಬಂದೇ ಇಲ್ಲ, ಸೇತುವೆ ಮಧ್ಯ! "ತಪ್ಪಾಯ್ತು, ಮುಂದೆ ಹೋಗು" ಅನ್ನೋಕೆ ಬೇರೆ ಧೈರ್ಯ ಬೇಕು, ಅದಿನ್ನೂ ಬಂದಿಲ್ಲ. ಮಹಾರಾಣಿ ಥರ ಇಳಿದೆ. ಸೇತುವೆ ಉದ್ದಕ್ಕೂ ಒಬ್ಬಳೇ ನಗ್ತಾ ಬಂದೆ.

ಗಂಟಲು ಇನ್ನೂ ಬಿಸಿಯಾಗಿದೆ. ಅದು ಆರೋದ್ರೊಳಗೆ ನಿನ್ನ ಅತ್ತೆಯಾಗೋ ಬಹೀಜಾ ಮನೆಗೆ ಹೊರಟೆ. ಮದುವೆ ಆದ್ಮೇಲೆ ನೀನು ಔಷಧಿ ಅಂಗಡಿ ಕೆಲಸ ಬಿಡ್ಬೇಕು ಅಂತ ಆಕೆ ಅಂದಾಗೆಲ್ಲ ನಾನು ತಲೆ ಆಡಿಸ್ತಾ ಕೂತಿರ್ತಿದ್ದೆ. ನೀನು ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅಳ್ತಿದ್ದೆ. ನಂಗೆ ಕೇಳಿಸಲ್ಲ ಅಂದ್ಕೊಂಡ್ಯಾ, ಪೆದ್ದಿ?

ಬಾಲ್ಕನಿ ಬಟ್ಟೆ ಒಳಗೆ ತಂದಿಡು. ಸಾರಿಗೆ ಬೆಳ್ಳುಳ್ಳಿ ಒಗ್ಗರಣೆ ನಾನೇ ಬಂದು ಹಾಕ್ತೀನಿ.

ಬಹೀಜಾಗೂ ಅದೇ ಮಾತು ಹೇಳ್ತೀನಿ: ಇಲ್ಲೇ ನಿಲ್ಸಮ್ಮಾ. ಈ ಸಲ ಸರಿಯಾದ ಜಾಗದಲ್ಲೇ ಕೂಗ್ತೀನಿ.

ಅಮ್ಮ