ಹಾರ್ನ್ ಕೇಳಿ ಬರುವ ನರಿಗಳು

ಮನೆಯಿಂದ,
ಮಾರ್ಚ್ ೧೪, ಮಧ್ಯಾಹ್ನ

ಪುಟ್ಟಿಯ ಅಪ್ಪನಿಗೆ,

ಕಾಲಿನ ಪ್ಲಾಸ್ಟರ್ ತೆಗೆದರೇ? ತುರಿಕೆ ಅಂತ ಒಳಗೆ ಕಡ್ಡಿ ತೂರಿಸಿ ಕೆರೆದುಕೊಳ್ಳುತ್ತೀರಂತೆ, ಆಸ್ಪತ್ರೆಗೆ ಬಂದಿದ್ದ ನಿಮ್ಮ ತಮ್ಮ ಹೇಳಿದ. ಹಾಗೆ ಮಾಡಬೇಡಿ. ನಾವು ಚೆನ್ನಾಗಿದ್ದೇವೆ. ಪುಟ್ಟಿಯನ್ನು ಮಾತ್ರ ಬಾಗಿಲ ಹೊರಗೆ ಬಿಡುತ್ತಿಲ್ಲ. ಯಾಕೆಂದು ನಿಮಗೆ ತಿಳಿಸಬೇಡ ಅಂತ ನಿಮ್ಮ ತಮ್ಮನಿಗೆ ನಾನೇ ಹೇಳಿದ್ದೆ.

ನೀವು ಕಾಲು ಮುರಿದು ಮಲಗಿದ ಮೇಲೆ ಮಾಂಸದಂಗಡಿಗಳ ಕಸ ಹಳೆ ಕಲ್ಲುಕ್ವಾರಿಗೆ ಹೋಗುತ್ತಿಲ್ಲ. ಯಾವುದೋ ಫ್ಯಾಕ್ಟರಿಯವರು ಒಯ್ಯುತ್ತಾರೆ. ಗುಂಡಿಗೆ ಮಣ್ಣು ಮುಚ್ಚಿದ್ದಾರೆ. ಮೊದಲು ಒಂದೇ ಜೋಡಿ ನರಿ ಇದ್ದದ್ದು ನೀವು ವ್ಯಾನಿನಲ್ಲಿ ತಂದು ಸುರಿಯುತ್ತಿದ್ದ ಕರುಳು, ಚರ್ಮ ತಿಂದು ದೊಡ್ಡ ಹಿಂಡಾಯಿತಲ್ಲ, ಅವೆಲ್ಲ ಈಗ ಹೊಟ್ಟೆಗಿಲ್ಲದೆ ಬೀದಿಗೆ ಇಳಿದಿವೆ. "ನೆಂಟರಿಗೆ ಬಡಿಸಿ ಬರ್ತೀನಿ ಕಣೇ" ಅಂತ ಹೊರಡುತ್ತಿದ್ದಿರಿ. ನೆಂಟರು ಮನೆ ಹುಡುಕಿಕೊಂಡು ಬಂದಿದ್ದಾರೆ. ಮೊನ್ನೆ ಮೂಲೆಮನೆ ದರ್ಜಿಯ ಮಗಳ ಕೆನ್ನೆಗೆ ಬಾಯಿ ಹಾಕಿದವು. ಮಗು ಉಳಿಯುತ್ತದೆ ಅಂತ ಡಾಕ್ಟರು ಇನ್ನೂ ಹೇಳಿಲ್ಲ.

ನಗರಸಭೆಯವರು ವಿಷ ಬೆರೆಸಿದ ಮಾಂಸ ಇಟ್ಟರು. ನಾಯಿಗಳು ಸತ್ತವು, ನರಿಗಳು ಮೂಸಿ ಹೋದವು. ಯಾವ ನರಿಯೂ ಚಕ್ರಕ್ಕೆ ಸಿಕ್ಕಬಾರದು ಅಂತ ನೀವು ಕಸ ಸುರಿಯುವ ಮೊದಲು ಹಾರ್ನ್ ಹೊಡೆಯುತ್ತಿದ್ದಿರಿ, ಎರಡು ಗಿಡ್ಡ, ಒಂದು ಉದ್ದ. ಅವು ಅದನ್ನೇ ಊಟದ ಕರೆ ಅಂತ ತಿಳಿದವು. ಆ ಹಾರ್ನ್ ಇಲ್ಲದೆ ಅವು ಮಾಂಸ ಮುಟ್ಟುವುದಿಲ್ಲ. ನಿಮ್ಮ ತಮ್ಮ ಎಷ್ಟು ಒತ್ತಿದರೂ ಒಂದೂ ಬರಲಿಲ್ಲ. ಉದ್ದದ್ದನ್ನು ಕೊನೆಯಲ್ಲಿ ಥಟ್ಟನೆ ಕತ್ತರಿಸಬೇಕು, ಅದು ಅವನ ಕೈಗೆ ಬರುವುದಿಲ್ಲ. ನಿಮ್ಮ ಪಕ್ಕ ಕೂತು ಕೇಳಿದ ನನಗೆ ಬರುತ್ತದೆ ಅಂತ ಬೀದಿಗೆಲ್ಲ ಗೊತ್ತು. ದರ್ಜಿಯ ಹೆಂಡತಿ ನಮ್ಮ ಹೊಸ್ತಿಲಲ್ಲಿ ನಿಂತು, "ನಿನ್ನ ಗಂಡ ಸಾಕಿದ್ದು, ನೀನೇ ಕರಿ" ಅಂದಳು.

ಸಂಜೆ ನಗರಸಭೆಯವರು ವಿಷದ ಮಾಂಸ ತುಂಬಿ ನಿಮ್ಮ ವ್ಯಾನ್ ತರುತ್ತಾರೆ. ಅವು ಕೆಟ್ಟವಲ್ಲ ಕಣೇ ಅನ್ನುತ್ತೀರಿ, ಗೊತ್ತು. ಕೆಟ್ಟವು ಅಂತ ನಾನೂ ಅನ್ನುತ್ತಿಲ್ಲ. ಬರುವುದಿಲ್ಲ ಅಂತ ಹೇಳಿ ಕಳಿಸೋಣ ಎಂದು ಎದ್ದೆ, ಪುಟ್ಟಿ ಕಿಟಕಿಗೆ ಮುಖ ಒತ್ತಿ ನಿಂತಿದ್ದಳು, ಮತ್ತೆ ಕೂತೆ.

ಮಾತ್ರೆ ತಪ್ಪಿಸಬೇಡಿ. ನಿಮ್ಮ ನೋವು ಹೋಗಲಿ ಅಂತ ಪುಟ್ಟಿ ಈ ಕಾಗದದ ಮೇಲೆ ಊದಿದ್ದಾಳೆ.

ನಿಮ್ಮವಳು

ಮತ್ತೆ: ಹೋಗಿ ಬಂದೆ. ಮೊದಲ ಕರೆಗೇ ಬಂದವು, ಮರಿಗಳನ್ನು ಮುಂದೆ ಬಿಟ್ಟುಕೊಂಡು. ಒಂದೆರಡು ಮಾಂಸದ ಕಡೆಗೂ ಹೋಗದೆ ಡ್ರೈವರ್ ಬಾಗಿಲ ಕೆಳಗೆ ನಿಂತು ಮೇಲೆ ನೋಡುತ್ತಿದ್ದವು. ನಾನು ಗಾಜು ಇಳಿಸಲಿಲ್ಲ. ಇನ್ನೂ ಅರ್ಧ ಹಿಂಡು ಉಳಿದಿದೆಯಂತೆ. ನಾಳೆಯೂ ಕರೆದಿದ್ದಾರೆ. ಬರುತ್ತೇನೆ ಅಂದಿದ್ದೇನೆ.