ಪದವಿಗೆ ಮುಂಚೆ ಹತ್ತಬಾರದ ಗೋಪುರ

ಬೊಲೊನ್ಯಾ,
ಜುಲೈ ೧೧, ೨೦೧೩, ಬೆಳಗಿನ ಜಾವ

ಪ್ರೀತಿಯ ಅಣ್ಣಾ,

ಎರಡು ಗಂಟೆಗೆ ಕೆಳಗಿನ ಕಮಾನುಸಾಲಿನಲ್ಲಿ ಯಾರೋ ಪಾತ್ರೆ ಬಡಿಯುತ್ತ ಹಾಡಿದ ಸದ್ದಿಗೆ ಎಚ್ಚರವಾಯಿತು. ಹೊಸದಾಗಿ ಪದವಿ ಪಡೆದವನೊಬ್ಬನ ತಲೆಗೆ ಎಲೆಯ ಕಿರೀಟ ತೊಡಿಸಿ ಗೆಳೆಯರು ಬೀದಿಬೀದಿ ಎಳೆದುಕೊಂಡು ಹೋಗುತ್ತಿದ್ದರು. ಆ ಪೋಲಿ ಹಾಡು ನಿನಗೆ ಗೊತ್ತೇ ಇದೆ. ಲಿಯಾ ಎದ್ದು ಅತ್ತು, ಹಾಲು ಕುಡಿದು ಮತ್ತೆ ಮಲಗಿದಳು. ನಾನು ಮಾತ್ರ ಗಳಿಗೆಗೊಮ್ಮೆ ಅವಳ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತ ಕೂತಿದ್ದೇನೆ.

ನೀನು ಹೇಗಿದ್ದೀಯ? ಒಲೆಯ ಬಾಗಿಲು ತಗುಲಿ ಸುಟ್ಟ ಮುಂಗೈ ಮಾಯಿತೇ? ಕೆಮ್ಮಿಗೆ ಡಾಕ್ಟರರನ್ನು ಕಂಡೆಯೋ, ಇಲ್ಲ ‘ಬೇಕರಿಯವನಿಗೆ ಹಿಟ್ಟೇ ಔಷಧಿ’ ಎಂದು ಇನ್ನೂ ನಗಾಡುತ್ತಿದ್ದೀಯೋ? ಹ್ಯಾಂಬರ್ಗಿನಲ್ಲಿ ನೀನು ಜುಲೈಯಲ್ಲೂ ಸ್ವೆಟರ್ ಹಾಕುವ ಸುದ್ದಿಯನ್ನು ಅಮ್ಮ ಇಡೀ ಕಟ್ಟಡಕ್ಕೆ ಹಂಚಿ ಮುಗಿಸಿದ್ದಾಳೆ. ಇಲ್ಲಿ ಸೆಕೆಗೆ ಗೋಡೆಯೂ ಬೆವರುತ್ತಿದೆ. ಲಿಯಾಗೆ ಕೆಳಗೆರಡು ಹಲ್ಲು ಬಂದಿವೆ. ದಾವಿದೆಗೆ ರೈಲಿನ ರಾತ್ರಿ ಪಾಳಿ; ಗಂಡನೂ ಇಲ್ಲದ ಹಾಸಿಗೆಯಲ್ಲಿ ಯೋಚನೆಗಳಿಗೆ ಜಾಗ ಜಾಸ್ತಿ.

ಇವತ್ತು ಸಂಜೆ ನಾಲ್ಕಕ್ಕೆ ನಾನು ಸಮಿತಿಯ ಮುಂದೆ ಪ್ರಬಂಧ ಮಂಡಿಸಬೇಕು. ಕೆಲಸ, ಮದುವೆ, ಮಗು ಎಂದು ಒಂಬತ್ತು ವರ್ಷ ಎಳೆದದ್ದು ಇವತ್ತು ಮುಗಿಯುತ್ತದೆ. ಅದರಲ್ಲಿ ನನಗೆ ಅನುಮಾನವಿಲ್ಲ. ಬೊಲೊನ್ಯಾಕ್ಕೆ ಬಂದವರಿಗೆ ‘ಇದನ್ನು ನೋಡಿ, ಅದನ್ನು ಬಿಡಬೇಡಿ’ ಎಂದು ಹೇಳುತ್ತ ಬಂದ ಹಳೆಯ ಕೈಪಿಡಿಗಳನ್ನೆಲ್ಲ ನಾನು ಅರೆದು ಕುಡಿದಿದ್ದೇನೆ. ಒಂದರ ಮೈಗೊಂದು ಅಂಟಿದ ಸಾಂತೊ ಸ್ತೆಫಾನೊದ ಇಗರ್ಜಿಗಳು, ಮುಖಕ್ಕೆ ಅರ್ಧವೇ ಅಮೃತಶಿಲೆ ಹೊದ್ದ ಸಾನ್ ಪೆತ್ರೋನಿಯೊ, ಹೆಣ ಕೊಯ್ದು ಪಾಠ ಹೇಳುತ್ತಿದ್ದ ಮರದ ಕೋಣೆ, ಇವುಗಳಲ್ಲಿ ಯಾವುದನ್ನು ಯಾವ ಕಾಲದವರು ಹೊಗಳಿದರು, ಯಾವುದನ್ನು ಕಂಡೂ ಕಾಣದಂತೆ ಹೋದರು, ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ನಿದ್ದೆ ಬಂದರೆ ತಾನೇ!

ಅಸಿನೆಲ್ಲಿ ಗೋಪುರಕ್ಕೇ ಒಂದು ಅಧ್ಯಾಯ ಇಟ್ಟಿದ್ದೇನೆ. ಮೊನ್ನೆ ನನ್ನ ಮಾರ್ಗದರ್ಶಿ ಗ್ವೆರ್ಮಾಂದಿ ಮೇಡಂ ಅದನ್ನು ತಿರುವಿಹಾಕುತ್ತ, “ಮೆಟ್ಟಿಲು ಈಗ ಹೇಗಿದೆಯಮ್ಮ?” ಎಂದರು. “ಡಿಗ್ರಿ ಕೈಗೆ ಬರದೆ ಹೆಂಗ್ ಹತ್ಲಿ ಮೇಡಂ?” ಎಂದೆ. ಓದು ಮುಗಿಯುವ ಮುಂಚೆ ಹತ್ತಿದವರಿಗೆ ಪದವಿ ದಕ್ಕುವುದಿಲ್ಲವೆಂದು ನಮ್ಮೂರಲ್ಲಿ ಯಾರಿಗೆ ಬಿಡಿಸಿ ಹೇಳಬೇಕು? ಮೇಡಂ ನಕ್ಕುಬಿಟ್ಟರು. “ನಾನೂ ಡಿಗ್ರಿ ಆದ್ಮೇಲೇ ಹತ್ತಿದ್ದು ಕಣೆ. ಆದ್ರೆ ಸಮಿತೀಲಿ ಹೊರಗಿನೂರು ತೊರೀನೊದವನೊಬ್ಬ ಇರ್ತಾನೆ. ಇಷ್ಟೆಲ್ಲ ಬರ್ದಿದ್ದೀರಲ್ಲ, ಹತ್ತಿದ್ದೀರಾ ಅಂತ ಕೇಳಿದ್ರೆ ಅವನ ಮುಂದೆ ಅಪಶಕುನದ ಕತೆ ಹೇಳ್ತೀಯಾ?”

ಹಾಗಾಗಿ ನಿನ್ನೆ ಹತ್ತಿದೆ. ಹೌದು ಅಣ್ಣಾ, ಹತ್ತಿಯೇಬಿಟ್ಟೆ. ಅಮ್ಮ ಬೆಳಗ್ಗೆಯಿಂದ ಒಂದೇ ರಾಗ: “ನಿಮ್ಮಣ್ಣ ಲೋರಿಸನ್ನ ನುಂಗಿದ್ದು ಸಾಲ್ದಾ ಅದಕ್ಕೆ? ಈಗ ನೀನೂ ಹೋಗಿ ಬಾಯಿಗೆ ಬೀಳ್ತೀಯಾ?” ಬೈಯುತ್ತಲೇ ಜೊತೆಗೆ ಬಂದಳು. ಬುಡದಲ್ಲಿ ಲಿಯಾಳನ್ನು ಎತ್ತಿಕೊಂಡು, ಗೋಪುರ ಕಣ್ಣಿಗೆ ಬೀಳದಂತೆ ಅವಳ ಮುಖವನ್ನು ತನ್ನ ಹೆಗಲಿಗೆ ಒತ್ತಿ ಹಿಡಿದು ನಿಂತಳು. “ಮಗೂಗೂ ಮುಂದೆ ಓದೋದಿದೆ” ಎಂದಳು. ಟಿಕೆಟ್ ಕೊಡುವವನು, “ಡಿಗ್ರಿ ಆಯ್ತಾ?” ಎಂದು ಕೇಳಿದ. “ನಾಳೆ” ಎಂದೆ. “ಹಂಗಾದ್ರೆ ಅರ್ಧಕ್ಕೇ ಇಳ್ಕೊಂಡು ಬಾ ತಾಯಿ, ಅರ್ಧ ಡಿಗ್ರಿನಾದ್ರೂ ಉಳಿಯತ್ತೆ!”

ಸವೆದು ನುಣುಪಾದ ಮರದ ಮೆಟ್ಟಿಲು. ಕಾಲು ಜಾರಿದರೆ ಲಿಯಾಗೆ ಯಾರು ಗತಿ ಎಂದುಕೊಳ್ಳುತ್ತಲೇ ಏರಿದೆ. ಮೇಲೆ ಗಾಳಿ, ಕೆಳಗೆಲ್ಲ ಕೆಂಪು ಹೆಂಚು, ದೂರದ ಗುಡ್ಡದ ಮೇಲೆ ಸಾನ್ ಲೂಕಾ ಇಗರ್ಜಿ. ಆಮೇಲೆ ನಮ್ಮ ಅಡುಗೆಮನೆಯ ಕಿಟಕಿ ಹುಡುಕಿದೆ. ನೀನು ಹತ್ತಿ ಬಂದೆನೆಂದ ರಾತ್ರಿ ಊಟಕ್ಕೆ ಕೂತು ಹೇಳಿದ್ದು ನೆನಪಿತ್ತು: “ನಮ್ಮ ಕಿಟಕಿ ಕಾಣ್ತಿತ್ತಮ್ಮ, ನೀನು ತೊರ್ತೆಲ್ಲೀನಿ ಕಡುಬು ಮಡಚ್ತಿದ್ದದ್ದೂ ಕಾಣ್ತಿತ್ತು.” ಮರುವಾರವೇ ನೀನು ಕಾಲೇಜು ಬಿಟ್ಟೆ. ಗೋಪುರ ನುಂಗಿತೆಂದು ಎಲ್ಲರೂ ನಂಬಿದೆವು.

ಕಿಟಕಿ ಕಾಣಲಿಲ್ಲ ಅಣ್ಣಾ. ಎಷ್ಟು ಬಗ್ಗಿದರೂ ಕಂಡದ್ದು ನಮ್ಮ ಚಾವಣಿಯ ಬೆನ್ನು. ಕಿಟಕಿ ಆಚೆ ಮಗ್ಗುಲಿನ ಒಳಅಂಗಳಕ್ಕೆ ತೆರೆಯುತ್ತದಲ್ಲ? ಆ ಕಿಟಕಿಯಲ್ಲಿ ನಿಂತು ನಾವ್ಯಾರೂ ಒಂದು ದಿನವೂ ಗೋಪುರ ಕಂಡವರಲ್ಲ. ಇಲ್ಲಿಂದ ಅದು ಕಾಣದಿದ್ದರೆ ಅಲ್ಲಿಂದ ಇದು ಹೇಗೆ ಕಾಣುತ್ತದೆ? ಇಷ್ಟು ಯೋಚಿಸಲು ಪದವಿ ಬೇಕೇ? ಬೊಲೊನ್ಯಾದವರಾದ ನಮಗೆ ಗೋಪುರದ ಹೆಸರೇ ಸಾಕಾಯಿತು, ಸಾಕ್ಷಿ ಬೇಕಾಗಲಿಲ್ಲ.

ನೀನು ಹತ್ತಲೇ ಇಲ್ಲ. ಅಪ್ಪ ತೀರಿಕೊಂಡ ವರ್ಷ ಅದು. ನನ್ನ ಹೈಸ್ಕೂಲು ಮುಗಿದಿತ್ತು. ಇಬ್ಬರನ್ನು ಓದಿಸುವುದು ಅಮ್ಮನ ಕೈಲಾಗುತ್ತಿರಲಿಲ್ಲ. ಬೈಗುಳವೆಲ್ಲ ಗೋಪುರದ ಪಾಲಾಯಿತು, ನನಗೆ ಒಂದು ಮಾತೂ ತಟ್ಟಲಿಲ್ಲ. ನಿನ್ನನ್ನು ನುಂಗಿದ್ದು ಗೋಪುರವಲ್ಲದಿದ್ದರೆ, ನಾನೇ ಏನು? ತೊರೀನೊದವನಿಗೆ ನನ್ನಲ್ಲಿ ಉತ್ತರ ಇದೆ. ಇದಕ್ಕೆ ನೀನೇ ಉತ್ತರ ಹೇಳಬೇಕು.

ಅಮ್ಮ ಮಲಗುವ ಮುಂಚೆ ನಿನ್ನ ಫೋಟೊಗೆ ಮುತ್ತಿಟ್ಟಳು, ಆ ಮುತ್ತನ್ನೇ ಇಲ್ಲಿ ಸೇರಿಸಿದ್ದೇನೆ. ಲಿಯಾಳ ಜೊಲ್ಲಿನದೂ ಒಂದು.

ನಿನ್ನ ತಂಗಿ,
ಇಲೇನಿಯಾ

ಮರೆಯುವ ಮುಂಚೆ: ಒಲೆಯ ಹತ್ತಿರ ಫೋನ್ ಇಟ್ಟುಕೊಳ್ಳಲು ಬಿಡುವುದಿಲ್ಲ, ರಾತ್ರಿ ಪಾಳಿಯ ಚಹಾದ ಬಿಡುವಿನಲ್ಲಿ ಇಮೇಲ್ ನೋಡುತ್ತೀಯೆಂದು ಇದನ್ನು ಈಗಲೇ ಕಳಿಸುತ್ತಿದ್ದೇನೆ. ಬೆಳಗ್ಗೆ ಏಳಕ್ಕೆ ಅಲ್ಲಿಂದ ವಿಮಾನವಿದೆ, ದಾರಿಯಲ್ಲಿ ಒಂದು ಕಡೆ ಬದಲಿಸಿದರೂ ಮೂರರೊಳಗೆ ಇಲ್ಲಿರುತ್ತೀಯ. ಬಾಗಿಲ ಪಕ್ಕದ ಕುರ್ಚಿ ಹಿಡಿದಿಡುತ್ತೇನೆ. ಅಮ್ಮನಿಗೆ ನಾನೇನೂ ಹೇಳಿಲ್ಲ, ನೀನೇ ಬಂದು ಹೇಳು. ಬರುತ್ತೇನೆ ಅನ್ನು, ಇಲ್ಲವೆ ಬಾಯಿಗೆ ಬಂದಂತೆ ಬೈಯಿ; ಜೋಕ್ ಹೊಡೆದು ಮಾತ್ರ ತಪ್ಪಿಸಿಕೊಳ್ಳಬೇಡ. ಲಿಯಾ ಎದ್ದರೆ ಏಳಲಿ. ನಿನ್ನ ದಮ್ಮಯ್ಯ ಅಣ್ಣಾ, ಬೆಳಗಾಗುವ ಮುಂಚೆ ಫೋನ್ ಮಾಡು.