ಒಬ್ಬಳೇ ಒಡತಿಯ ಗೊಂಬೆ

೯ ಜೂನ್ ೧೯೬೪, ಮಂಗಳವಾರ. ಕಾರ್ಕಳ.

ದೇವದೂತನ ಎಡಗಾಲಿಗೆ ಗೋಂದು ಹಚ್ಚಿ ಅಕ್ಕಿ ಡಬ್ಬದಡಿ ಒತ್ತಿಟ್ಟೆ. ಇಗರ್ಜಿಯ ಗೋದಲಿಯವನು. ಪ್ರತಿ ಕ್ರಿಸ್ಮಸ್ಸಿಗೂ ಬೀಳುತ್ತಾನೆ. ರೆಕ್ಕೆ ಕೊಟ್ಟರೂ ಹಾರಲು ಕಲಿಯದವರು ನಮ್ಮ ಶಾಲೆಯಲ್ಲೂ ಇದ್ದಾರೆ.

ಅಂಚೆಯಲ್ಲಿ ‘ಡಾಲ್ ಫ್ರೆಂಡ್’ ಬಂತು. ಬೊಂಬಾಯಿಯ ಮಾಸಿಕ. ನಾನು ಚಂದಾದಾರನಾದಾಗ ಸೈಕ್ಲೋಸ್ಟೈಲ್ ಮಾಡಿದ ನಾಲ್ಕು ಹಾಳೆ. ಮುರಿದ ಬೆರಳು ಜೋಡಿಸುವುದು ಹೇಗೆ, ಕಣ್ಣು ಒಳಗೆ ಜಾರಿದರೆ ಎಂತ ಮಾಡುವುದು, ಕೂದಲಿಗೆ ಹುಳ ಹಿಡಿದರೆ ಯಾವ ಮದ್ದು – ಅಷ್ಟೇ. ಡಾಕ್ಟರರ ಪುಸ್ತಕದ ಹಾಗೆ ಓದುತ್ತಿದ್ದೆ. ಈಗ ಆರ್ಟ್ ಪೇಪರ್. ಎದುರಿನಿಂದ ಬೆನ್ನಿನವರೆಗೆ ಜಾಹೀರಾತು. ನಡುವೆ ‘ಇಂದಿನ ಬೆಲೆ’ ಎಂಬ ಪುಟ – ಕೊಬ್ಬರಿ ಅಡಿಕೆಗೆ ಇರುತ್ತದಲ್ಲ, ಹಾಗೆ. ಈ ಸಲದ ಉಪದೇಶ: ಮಗು ಮುಟ್ಟದ ಗೊಂಬೆಗೆ ಬೆಲೆ ಹೆಚ್ಚು, ಪೆಟ್ಟಿಗೆಯಿಂದ ತೆಗೆಯಬೇಡಿ. ಇನ್ನು ಉಂಡರೆ ಅನ್ನ ಕೆಡುತ್ತದೆ ಎಂದು ಬರೆಯುವುದೊಂದು ಬಾಕಿ.

ಸಂಪಾದಕರಿಗೆ ಇಂಗ್ಲಿಷಿನಲ್ಲಿ ಕಟುವಾಗಿ ಬರೆಯಬೇಕೆಂದು ಕುಳಿತೆ. ಹೆಂಡತಿ ಅಪೊಲೋನಿಯಾ ಹಿಂದಿನಿಂದ ಬಗ್ಗಿ ಓದಿದಳು. “ಡ್ರಾಯಿಂಗ್ ಮಾಸ್ಟರಿಗೆ ಇಷ್ಟು ಸಿಟ್ಟು ಯಾಕೆ? ಮಕ್ಕಳ ಕಾಪಿ ಪುಸ್ತಕಕ್ಕೆ ಕೆಂಪು ಶಾಯಿ ಹಾಕಿದ ಹಾಗೆ ಉಂಟು.”

ಹರಿದು ಹಾಕಿದೆ. ಅವಳು ಬೊಂಬಾಯಿಯಲ್ಲಿ ಬೆಳೆದವಳು, ಕನ್ನಡ ಅಕ್ಷರ ಬಾರದು. ಈ ದಿನಚರಿ ಕನ್ನಡದಲ್ಲಿರಲು ಸಾಹಿತ್ಯಪ್ರೇಮ ಒಂದೇ ಕಾರಣವಲ್ಲ.

೧೪ ಜೂನ್, ಭಾನುವಾರ

ಪೂಜೆ ಮುಗಿಸಿ ಬಂದರೆ ಜಗಲಿಯಲ್ಲಿ ಅಕ್ಕು. ತೋಡಿನಾಚೆಯ ಮನೆ. ಮಡಿಲಲ್ಲಿ ಬೈರಾಸು ಬಟ್ಟೆಯ ಗಂಟು.

“ಮಾಸ್ಟ್ರೇ, ಇವಳಿಗೆ ಒಂದು ಕೈ ಬೇಕು.”

ಮರದ ಗೊಂಬೆ. ಹಳೆಯದು, ಕಪ್ಪಾಗಿದೆ. ಎಡಗೈ ಭುಜದಿಂದಲೇ ಇಲ್ಲ, ಅಲ್ಲಿ ಗೆದ್ದಲು ತಿಂದ ಗುಳಿ. ಮೂಗು ಸವೆದಿದೆ. ಮಗು ಚೀಪಿ ಸವೆದ ಮೂಗು, ನೋಡಿದರೇ ಗೊತ್ತಾಗುತ್ತದೆ. ಕುಶಲಾಳ ಗೊಂಬೆ. ಅಕ್ಕುವಿನ ಮಗಳು. ಮೂರು ವರ್ಷದವಳಿದ್ದಾಗ ಜ್ವರದಲ್ಲಿ ಹೋದಳು. ಇದ್ದಿದ್ದರೆ ಈಗ ಹದಿನೆಂಟು.

ಇದ್ದಾಳಂತೆ. ಇಲ್ಲಿಯ ನಂಬಿಕೆ ಹಾಗೆ – ಮದುವೆಯಾಗದೆ ಹೋದ ಮಕ್ಕಳು ಆ ಕಡೆಯೂ ಬೆಳೆಯುತ್ತವೆ. ಪ್ರಾಯಕ್ಕೆ ಬಂದಾಗ ಮದುವೆ ಕೇಳುತ್ತವೆ. ಮಾಡಿಸದಿದ್ದರೆ ಮನೆಯಲ್ಲಿ ಬದುಕಿರುವವರಿಗೆ ಕಷ್ಟ. ಅಕ್ಕುವಿನ ಮಗ ಭೋಜನಿಗೆ ಹೆಣ್ಣು ನೋಡಿದ್ದೆಲ್ಲ ತಪ್ಪಿಹೋಗಿದೆ. ಜೋಯಿಸರಲ್ಲಿ ಕೇಳಿಸಿದರೆ ಕಾರಣ ಕುಶಲಾ ಎಂದು ಬಂತು. ವರನೂ ಸಿಕ್ಕಿದ್ದಾನೆ. ಪೆರ್ಡೂರಿನ ಭುಜಂಗ ಎಂಬವರ ಮಗ, ಅವನೂ ಆ ಕಡೆಯವನೇ. ಮಳೆಗಾಲದ ಆಟಿ ತಿಂಗಳಲ್ಲಿ ಧಾರೆ.

“ಉಳಿದವರು ಬೆಳ್ಳಿ ತಗಡಿನಲ್ಲಿ ಮಾಡಿಸುತ್ತಾರಲ್ಲ ಅಕ್ಕು?”

“ಅವಳಿಗೆ ಬೇರೆ ಯಾರು ಗೊತ್ತುಂಟು? ಇದನ್ನು ಬಿಟ್ಟು ಮಲಗಿದವಳಲ್ಲ. ಇದೇ ಅವಳು. ಕೈ ಇಲ್ಲದೆ ಧಾರೆ ಹೇಗೆ ಎರೆಯುವುದು, ಹೇಳಿ.”

ಕೈ ಚಾಚಿ ತೆಗೆದುಕೊಂಡೆ. ಇಗರ್ಜಿಯಿಂದ ಬಂದ ಬಿಳಿ ಅಂಗಿಯಲ್ಲೇ.

ಗಾಜಿನ ಕಪಾಟಿನಲ್ಲಿ, ನಾನು ದುರಸ್ತಿ ಮಾಡಿ ಕೂಡಿಸಿದ ಗೊಂಬೆಗಳ ನಡುವೆ ನಿಲ್ಲಿಸಿದ್ದೇನೆ. ಅವೆಲ್ಲ ಎದುರು ನೋಡುತ್ತವೆ. ಇವಳು ನನ್ನನ್ನು ನೋಡುತ್ತಾಳೆ. ಮೂಗು ಸವೆದ ಕಾರಣ ಹಾಗೆ ಕಾಣುತ್ತದೆ, ಡ್ರಾಯಿಂಗ್ ಮಾಸ್ಟರಿಗೆ ಇಷ್ಟು ತಿಳಿದಿರಬೇಕು.

೨೧ ಜೂನ್

ಗೆದ್ದಲು ತಿಂದ ಭುಜಕ್ಕೆ ಗೂಟ ಹಿಡಿಯುತ್ತಿಲ್ಲ. ಪುಡಿಪುಡಿ. ‘ಡಾಲ್ ಫ್ರೆಂಡ್’ನಲ್ಲಿ ದುರಸ್ತಿ ಪುಟ ಇನ್ನೂ ಒಂದು ಮೂಲೆಯಲ್ಲಿ ಉಸಿರಾಡುತ್ತಿದೆ. ಶಾಲೆಯ ಬಾಕ್ಸ್ ಕ್ಯಾಮೆರಾದಲ್ಲಿ ಫೋಟೋ ಹಿಡಿದು, ಉಡುಪಿಯಲ್ಲಿ ತೊಳೆಸಿ, ಪ್ರಶ್ನೆ ಬರೆದು ಕಳಿಸಿದೆ. ಗೊಂಬೆ ಯಾರದು ಎಂತ ಎಂದು ಏನೂ ಬರೆದಿಲ್ಲ. ‘ಒಬ್ಬಳೇ ಹುಡುಗಿ ಆಡಿದ್ದು’ ಎಂದು ಮಾತ್ರ.

೧೧ ಜುಲೈ, ಶನಿವಾರ

ಪತ್ರಿಕೆ ಬಂತು. ದುರಸ್ತಿ ಪುಟ ಸತ್ತಿದೆ. ಅಲ್ಲಿ ಈಗ ಪೌಡರಿನ ಜಾಹೀರಾತು.

ಇವಳು ‘ಇಂದಿನ ಬೆಲೆ’ಯಲ್ಲಿ. ಅರ್ಧ ಪುಟ. ‘ಕರಾವಳಿಯ ಮರದ ಗೊಂಬೆ. ಅಪರೂಪ. ಒಬ್ಬಳೇ ಒಡತಿ. ಬೆಲೆಗೆ ವಿಚಾರಿಸಿ.’ ಕೆಳಗೆ ನನ್ನ ಹೆಸರು, ಕಾರ್ಕಳ.

ಗೆದ್ದಲಿಗೆ ಮದ್ದು ಕೇಳಿದವನಿಗೆ ಗಿರಾಕಿ ಕೊಟ್ಟಿದ್ದಾರೆ.

ಅಕ್ಕುವಿಗೆ ಓದಲು ಬಾರದು. ಅದನ್ನು ನೆನೆದು ಸಮಾಧಾನ ಆಯಿತು. ಆಮೇಲೆ ಆ ಸಮಾಧಾನಕ್ಕೇ ಹೆದರಿಕೆ ಆಯಿತು.

೧೩ ಜುಲೈ

ಜೋಕಿಮ್ ಬಂದ. ಅಪೊಲೋನಿಯಾಳ ಚಿಕ್ಕಪ್ಪನ ಮಗ, ಮೂಲ ಊರು ಕಾಪು. ಈಗ ಬೊಂಬಾಯಿಯಲ್ಲಿ ಅದೇ ಪತ್ರಿಕೆಯ ಪ್ರತಿನಿಧಿಯಂತೆ. ಚರ್ಮದ ಚೀಲ, ಎರಡು ಬಣ್ಣದ ಬೂಟು. ನಮ್ಮ ರಸ್ತೆಯ ಕೆಸರು ಎರಡಕ್ಕೂ ಸಮಾನ ನ್ಯಾಯ ಒದಗಿಸಿತ್ತು.

“ಭಾವ, ನಿಮ್ಮ ಗೊಂಬೆಗೆ ಬೊಂಬಾಯಿಯಲ್ಲಿ ಜನ ಸಾಯ್ತಾ ಇದ್ದಾರೆ.”

“ನನ್ನದಲ್ಲ.”

“ನಿಮ್ಮ ಕಪಾಟಿನಲ್ಲಿ ಉಂಟಲ್ಲ?”

“ಹೋದ ಸಲ ನೀನು ಮರೆತುಹೋದ ಕೊಡೆಯೂ ನಮ್ಮ ಮನೆಯಲ್ಲಿ ಇತ್ತು.”

ಅಪೊಲೋನಿಯಾ ನಕ್ಕಳು. ಅವನೂ ನಕ್ಕ. ಕಪಾಟಿನ ಎದುರು ಕುಕ್ಕರಗಾಲಲ್ಲಿ ಕುಳಿತು ಬಹಳ ಹೊತ್ತು ನೋಡಿದ. “ಮೂಗು ನೋಡಿ ಬಾಯ್,” ಎಂದ ತನ್ನ ಅಕ್ಕ ಅಪೊಲೋನಿಯಾಳಿಗೆ. “ಇಂಥ ಸವೆತ ಯಾವ ಕಾರ್ಖಾನೆಯಲ್ಲೂ ಆಗುವುದಿಲ್ಲ.” ಅಷ್ಟು ಸರಿಯಾಗಿ ನೋಡುತ್ತಾನೆ. ಅದಕ್ಕೇ ಸಿಟ್ಟು ಬಂತು. ಇಷ್ಟು ಕಣ್ಣಿದ್ದವನು ಅದರ ಕೆಳಗೆ ಬೆಲೆ ಬರೆಯುತ್ತಾನಲ್ಲ.

ಅವನಿಗೆ ಪಾಠ ಮಾಡಲು ಹೊರಟೆ. ಮಾರಾಟಕ್ಕಿಲ್ಲ ಮಾರಾಯ, ಇವಳು ಮದುಮಗಳು, ಧಾರೆ ಆದ ಮೇಲೆ ಗಂಡು ಹೆಣ್ಣು ಎರಡನ್ನೂ ಗೆರಸೆಯಲ್ಲಿಟ್ಟು ಗುಡ್ಡದಡಿಯ ಕಾಸರಕನ ಮರದ ಬುಡದಲ್ಲಿ ಬಿಟ್ಟು ಬರುತ್ತಾರೆ, ಯಾರೂ ತಿರುಗಿ ನೋಡುವುದಿಲ್ಲ, ಯಾರೂ ಮುಟ್ಟುವುದಿಲ್ಲ, ಕಳ್ಳ ಕೂಡ. ಉದಾಹರಣೆ ಸಮೇತ ವಿವರಿಸಿದೆ. ಮರ ಎಲ್ಲಿದೆ ಎಂದೂ ಕೈ ತೋರಿಸಿದ್ದೆ ಎಂದು ಕಾಣುತ್ತದೆ.

ಜೋಕಿಮ್ ಕಾಫಿ ಕುಡಿದ. ಆಮೇಲೆ ಗೊಂಬೆಯ ಮಾತೇ ಎತ್ತಲಿಲ್ಲ. ಬಂಗುಡೆಯ ರುಚಿ ಹೊಗಳಿದ. ಸಂಜೆ ಬಸ್ಸಿಗೆ ಹೋದ.

ಇನ್ನೂ ಸ್ವಲ್ಪ ಪೀಡಿಸಿದ್ದರೆ ಚೆನ್ನಾಗಿತ್ತು.

೨೫ ಜುಲೈ

ಕೈ ಕೂತಿತು. ಭುಜದ ಪುಡಿ ಕೆರೆದು, ಅರಗು ತುಂಬಿ, ಹಲಸಿನ ಗೂಟ. ಕೈಯೂ ಹಲಸಿನದೇ. ಕಪ್ಪು ಮೈಗೆ ಹಳದಿ ಕೈ. ಬಣ್ಣ ಹಚ್ಚಲು ಹೊರಟರೆ ಅಕ್ಕು ಬೇಡ ಎಂದಳು. “ಮದುಮಗಳಲ್ವಾ, ಅರಸಿನ ಹಚ್ಚಿದ ಹಾಗೆ ಉಂಟು.” ಮತ್ತೆ ಆ ಕೈಯನ್ನು ತನ್ನ ಬೆರಳಲ್ಲಿ ಹಿಡಿದು ನೋಡಿದಳು. ನಾನು ಗೋಂದಿನ ಡಬ್ಬ ಹುಡುಕುವವನಂತೆ ಒಳಗೆ ಹೋದೆ.

ಗೂಟದ ಮೇಲೆ ಕೈ ಸ್ವಲ್ಪ ತಿರುಗುತ್ತದೆ. ಬಿಗಿಗೊಳಿಸಬಹುದಿತ್ತು. ಕೆಳಕ್ಕೆ ಇಳಿಸಿ ಕೊಟ್ಟೆ.

೨ ಆಗಸ್ಟ್, ಭಾನುವಾರ

ಮುಸ್ಸಂಜೆಗೆ ಮದುವೆ. ನಾನು ಹೋದೆ, ಪಾದ್ರಿಗಳಿಗೆ ಹೇಳಿಲ್ಲ. ಭುಜಂಗರು ವರನನ್ನು ಬಟ್ಟೆಯಲ್ಲಿ ಸುತ್ತಿ ಎದೆಗೆ ಹಿಡಿದು ತಂದರು, ಬೆಳ್ಳಿ ತಗಡಿನವನು. ಎರಡೂ ಕಡೆಯವರು ನಿಜವಾದ ಬೀಗರ ಹಾಗೆಯೇ ಮಾತಾಡಿದರು. “ನಮ್ಮ ಹುಡುಗ ಮಾತು ಕಡಿಮೆ,” ಎಂದರು ಭುಜಂಗರು. “ನಮ್ಮವಳು ಹಟ ಜಾಸ್ತಿ,” ಎಂದಳು ಅಕ್ಕು. ನಕ್ಕರು. ನಗು ನಿಂತ ಮೇಲೆ ಯಾರೂ ಯಾರನ್ನೂ ನೋಡಲಿಲ್ಲ.

ಹಳದಿ ಕೈ ಮುಂದಕ್ಕೆ ತಿರುಗಿಸಿ ಬೆಳ್ಳಿಯ ಕೈಗೆ ತಾಗಿಸಿ ನೀರೆರೆದರು. ನಾನು ಮಾಡಿದ ಯಾವ ಕೈಯೂ ಇಷ್ಟರವರೆಗೆ ಏನನ್ನೂ ಹಿಡಿದಿರಲಿಲ್ಲ.

ಆಮೇಲೆ ಗೆರಸೆ ಹೊತ್ತು ಮರದ ಬುಡಕ್ಕೆ. ಸಣ್ಣ ಮಳೆ. ಇಟ್ಟು ತಿರುಗಿದೆವು. ಹಿಂದೆ ನೋಡಬಾರದು. ಅಕ್ಕು ನೋಡಲಿಲ್ಲ, ಹೆತ್ತವಳು. ಸಂಬಂಧವಿಲ್ಲದ ನಾನು ನೋಡಿದೆ.

ಬೇಲಿಯಾಚೆ ಒಂದು ಕೊಡೆ. ಮಳೆಯಲ್ಲಿ ಕೊಡೆ ಇರುವುದು ಆಶ್ಚರ್ಯವಲ್ಲ. ಅದು ನಡೆಯುತ್ತಿರಲಿಲ್ಲ.

೩ ಆಗಸ್ಟ್

ಹೋಗಿ ನೋಡುವುದೇ? ಹೋಗಬಾರದು. ಇದ್ದರೆ, ನೋಡಬಾರದ್ದನ್ನು ನೋಡಿದ ಹಾಗೆ. ಇಲ್ಲದಿದ್ದರೆ...

ಶಾಲೆಗೆ ಬಸದಿಯ ಕಡೆಯಿಂದ ಸುತ್ತಿ ಹೋದೆ. ಆ ರಸ್ತೆಯ ಗಾಳಿ ಆರೋಗ್ಯಕ್ಕೆ ಒಳ್ಳೆಯದೆಂದು ಅಪೊಲೋನಿಯಾಗೆ ಹೇಳಿದ್ದೇನೆ.

೫ ಸೆಪ್ಟೆಂಬರ್, ಶನಿವಾರ

ತಿಂಗಳಿಂದ ಏನೂ ಬರೆದಿಲ್ಲ. ಬರೆಯಲು ಏನೂ ಇರಲಿಲ್ಲ, ದೇವರ ದಯೆ.

ಇಂದು ಅಕ್ಕು ಬಂದಳು. ಕೂರಲಿಲ್ಲ. ಭೋಜನಿಗೆ ಜ್ವರ, ಬಿಡುತ್ತಿಲ್ಲ. ಮಣಿಪಾಲಕ್ಕೆ ಕೊಂಡುಹೋಗಿದ್ದಾರೆ.

“ಕುಶಲಾಳಿಗೆ ಬಂದದ್ದೂ ಹೀಗೆಯೇ ಮಾಸ್ಟ್ರೇ. ಹೀಗೆಯೇ ಸುರುವಾದದ್ದು.”

“ಈಗ ಒಳ್ಳೊಳ್ಳೆ ಮದ್ದು ಉಂಟು ಅಕ್ಕು.”

“ಅವಳು ಕನಸಿನಲ್ಲಿ ಬರುತ್ತಾಳೆ. ಎದುರೇ ನಿಲ್ಲುತ್ತಾಳೆ, ಆದರೆ ಹತ್ತಿರ ಹೋಗಲು ಆಗುವುದಿಲ್ಲ. ನಡುವೆ ನೀರಿನ ಹಾಗೆ ಎಂತದೋ ಉಂಟು, ಗಟ್ಟಿ ನೀರು. ಬಾಯಿ ಆಡಿಸುತ್ತಾಳೆ, ಶಬ್ದ ಇಲ್ಲ. ಕೈ ಎತ್ತಿ ತಟ್ಟುತ್ತಾಳೆ.” ತನ್ನ ಅಂಗೈ ಎತ್ತಿ ತೋರಿಸಿದಳು. “ನೀವು ಹಾಕಿದ ಕೈ.”

ಮದುವೆಯಾದವಳು ತವರು ನೆನೆಯುವುದು ಸಹಜ ಎಂದೆ. ಪಾದ್ರಿಗಳ ಹತ್ತಿರ ಕಲಿತ ದನಿಯಲ್ಲಿ.

“ಗಂಡನ ಮನೆಯಲ್ಲಿ ಇದ್ದವಳ ಹಾಗೆ ಕಾಣಲಿಲ್ಲ,” ಎಂದಳು ಅಕ್ಕು.

೧೨ ಸೆಪ್ಟೆಂಬರ್, ಶನಿವಾರ

‘ಡಾಲ್ ಫ್ರೆಂಡ್’. ಮುಖಪುಟ.

ಗಾಜಿನ ಪೆಟ್ಟಿಗೆ. ಒಳಗೆ ಇವಳು. ಮದುವೆಯ ಮಲ್ಲಿಗೆ ಒಣಗಿ ಇನ್ನೂ ಕೊರಳಲ್ಲಿದೆ. ‘ಮದುಮಗಳು. ಒಬ್ಬಳೇ ಒಡತಿ.’ ವರನ ಸುದ್ದಿಯೇ ಇಲ್ಲ, ಬೆಳ್ಳಿ ತೂಕಕ್ಕೆ ಹೋಗಿರಬೇಕು. ಜೊತೆ ಮುರಿದಿದ್ದಾರೆ.

ಹಳದಿ ಕೈ ಮೇಲಿದೆ. ಅಂಗೈ ಗಾಜಿಗೆ.

ನಾನು ಕೆಳಕ್ಕೆ ಇಳಿಸಿ ಕೊಟ್ಟದ್ದು. ಗೂಟದ ಮೇಲೆ ತಿರುಗುತ್ತದೆ. ರೈಲಿನ ಕುಲುಕಾಟಕ್ಕೆ ಮೇಲೆ ಹೋಗಿರಬಹುದು. ಫೋಟೋದವನು ಚೆಂದಕ್ಕೆ ಎತ್ತಿರಬಹುದು.

ಹೀಗೆ ಎರಡು ಕಾರಣ ಬರೆದ ಮೇಲೂ ಪತ್ರಿಕೆಯನ್ನು ಮಗುಚಿ ಇಟ್ಟಿದ್ದೇನೆ. ಬೆನ್ನಿನ ಮೇಲೆ ಪೌಡರಿನ ಜಾಹೀರಾತು, ಹೆಂಗಸು ನಗುತ್ತಾಳೆ. ಅದು ಇದಕ್ಕಿಂತ ವಾಸಿ.

ಅಪೊಲೋನಿಯಾ ತಿರುವಿ ನೋಡಿದಳು. “ನಮ್ಮ ಜೋಕಿಮ್,” ಎಂದಳು. ಅಷ್ಟೇ. ಕೊಡೆ ಹಿಡಿದು ತಾನೇ ತಂತಿ ಆಫೀಸಿಗೆ ಹೋದಳು.

೧೬ ಸೆಪ್ಟೆಂಬರ್

ಜೋಕಿಮನ ತಂತಿ. ಗೊಂಬೆ ಇನ್ನೂ ಮಾರಾಟವಾಗಿಲ್ಲ. ನನ್ನ ಕಪಾಟು ಪೂರ್ತಿ ಕೊಟ್ಟರೆ ಬದಲಿಗೆ ಕೊಡುತ್ತಾನಂತೆ. ಭಾವನಿಗೆಂದು ರಿಯಾಯಿತಿ.

ಕಪಾಟಿನ ಎದುರು ಕುಳಿತೆ. ಇಡೀ ಜೀವಮಾನ ಗೋಂದು ಮೂಸಿ ಕೂಡಿಸಿದ ಸಂಸಾರ. ಒಂದೊಂದರ ಕಾಲೂ ಕೈಯೂ ನಾನೇ ಕೂರಿಸಿದ್ದು. ಬೊಂಬಾಯಿಯಲ್ಲಿ ಇವುಗಳ ಕೆಳಗೂ ಬೆಲೆ ಬರೆಯುತ್ತಾರೆ... ಇವು ಯಾರ ಕನಸಿಗೂ ಹೋಗುವವಲ್ಲ. ನನ್ನ ಕನಸಿಗಲ್ಲದೆ.

ಹುಲ್ಲು ತುಂಬಿ ಕಟ್ಟತೊಡಗಿದೆ. ಸೋಮವಾರ ಬೊಂಬಾಯಿಗೆ ಹೊರಡುವುದು. ಸದ್ದಿಲ್ಲದೆ ತಂದು, ಸದ್ದಿಲ್ಲದೆ ಮರದ ಬುಡದಲ್ಲಿಟ್ಟು ಬರುತ್ತೇನೆ, ಅಕ್ಕುವಿಗೆ ತಿಳಿಯುವುದು ಬೇಡ ಎಂದೆ.

ಅಪೊಲೋನಿಯಾ ಹಗ್ಗ ಬಿಗಿಯುತ್ತಿದ್ದವಳು ನಿಲ್ಲಿಸಿದಳು. “ಅವಳಿಗೆ ಹೇಳದೆ ತಂದರೆ ಅದೂ ಕದ್ದ ಹಾಗೆಯೇ. ಗಂಡನಿಲ್ಲದೆ ಹೇಗೆ ಇಡುತ್ತೀರಿ? ಎಂತ ಮಾಡಬೇಕು ಅಂತ ನಿಮಗೆ ಗೊತ್ತುಂಟಾ? ತಾಯಿಗೆ ಗೊತ್ತುಂಟು.”

ಗೊತ್ತಿಲ್ಲ. ಅರಗು, ಗೂಟ, ಗೋಂದು. ನನಗೆ ಗೊತ್ತಿರುವುದು ಅಷ್ಟೇ.

೧೯ ಸೆಪ್ಟೆಂಬರ್, ಶನಿವಾರ. ಸಂಜೆ.

ಹೇಳಿಲ್ಲ. ನಿನ್ನೆ ತೋಡಿನವರೆಗೆ ಹೋದೆ, ನೀರು ಹೆಚ್ಚಿತ್ತು ಎಂದು ವಾಪಸ್ ಬಂದೆ. ಮಂಡಿಯವರೆಗೂ ಇರಲಿಲ್ಲ.

ಮಣಿಪಾಲದಿಂದ ಸುದ್ದಿ ಬಂದಿಲ್ಲ. ಕಪಾಟು ಖಾಲಿ. ಗಾಜಿನಲ್ಲಿ ನಾನೇ ಕಾಣುತ್ತೇನೆ, ಒಳಗೆ ನಿಂತವನ ಹಾಗೆ.

ಜಗಲಿಯಲ್ಲಿ ಸದ್ದು. ಅಪೊಲೋನಿಯಾಳ ದನಿ. “ಬಾ ಅಕ್ಕು. ಭೋಜ ಹೇಗಿದ್ದಾನೆ?” ಉತ್ತರ ಕೇಳಿಸುತ್ತಿಲ್ಲ. ಆಮೇಲೆ ಅಕ್ಕು – “ಬಾಯಮ್ಮ, ಮಾಸ್ಟ್ರು ಇದ್ದಾರಾ?”

“ಒಳಗಿದ್ದಾರೆ. ನಿನ್ನ ಹತ್ತಿರ ಅವರಿಗೊಂದು ಮಾತು ಹೇಳಲಿಕ್ಕೆ ಉಂಟು.”

ಬಾಗಿಲು ತೆರೆದೇ ಇದೆ. ಪತ್ರಿಕೆ ಮೇಜಿನ ಮೇಲೆ, ಪೌಡರಿನ ಹೆಂಗಸು ಮೇಲೆ. ಮಗುಚಬೇಕು. ನಾನೇ ಮಗುಚಬೇಕು. ಅವಳಿಗೆ ಓದಲು ಬಾರದು, ಆದರೆ ಆ ಕೈಯನ್ನು ಅವಳು ಗುರುತು ಹಿಡಿಯುತ್ತಾಳೆ. ಬಾಗಿಲಲ್ಲಿ ಅವಳ ನೆರಳು –